'ಅನುಭವ ಬೇಡ' ಎಂಬ ಜಾಹೀರಾತು ಓದಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರ ನಿಮ್ಮ ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಎರಡು ಸಾಲು ಇತ್ತು. 'ಫಿಸಿಯೋಥೆರಪಿ ಕ್ಲಿನಿಕ್‌ಗೆ ಹೆಲ್ಪರ್ ಬೇಕಾಗಿದ್ದಾರೆ. ಅನುಭವ ಬೇಡ.' ಉಡುಪಿ ಸಿಟಿ ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಅದನ್ನು ಓದಿದೆ. ಮೊದಲು ನಗು ಬಂತು. ಎರಡನೇ ಸಲ ಓದಿದಾಗ ಬರಲಿಲ್ಲ. ಸೇನೆಯ ಆಸ್ಪತ್ರೆಗಳಲ್ಲಿ 24 ವರ್ಷ ಕೆಲಸ ಮಾಡಿ ಊರಿಗೆ ಬಂದ ನನಗೆ ಸಿಕ್ಕಿದ ಹೆಸರೂ ಅದೇ, ಹೆಲ್ಪರ್.

ನಾನು ಹಿರಿಯಡ್ಕದ ಕಡೆಯವನು. ವಯಸ್ಸು 62. ಆರ್ಮಿ ಮೆಡಿಕಲ್ ಕೋರ್‌ಗೆ ನರ್ಸಿಂಗ್ ಅಸಿಸ್ಟೆಂಟ್ ಆಗಿ ಸೇರಿದೆ, ಹವಾಲ್ದಾರ್ ಆಗಿ ಹೊರಗೆ ಬಂದೆ. ತರಬೇತಿ ಲಖನೌದಲ್ಲಿ. ಆಮೇಲೆ ಬೇರೆ ಬೇರೆ ಕಡೆ ಪೋಸ್ಟಿಂಗ್. ಅದರಲ್ಲಿ ಜಾಸ್ತಿ ಕಲಿತದ್ದು ಪುಣೆ ಪಕ್ಕದ ಖಡ್ಕಿಯ ಮಿಲಿಟರಿ ಆಸ್ಪತ್ರೆಯಲ್ಲಿ. ಬೆನ್ನುಹುರಿಗೆ ಪೆಟ್ಟಾದ ಜವಾನರು ಅಲ್ಲಿಗೆ ಬರುತ್ತಿದ್ದರು. ಇಪ್ಪತ್ತೆರಡು, ಇಪ್ಪತ್ತಮೂರರ ಹುಡುಗರು. ಸೊಂಟದ ಕೆಳಗೆ ಏನೂ ಗೊತ್ತಾಗುವುದಿಲ್ಲ. ಅವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆಡ್ ಸೋರ್, ಅಂದರೆ ಮಲಗಿದಲ್ಲೇ ಹುಣ್ಣು ಆಗುತ್ತದೆ. ಎದೆಯಲ್ಲಿ ಕಫ ಕಟ್ಟದ ಹಾಗೆ ಕೈ ಬಟ್ಟಲು ಮಾಡಿ ಬೆನ್ನು ತಟ್ಟಬೇಕು. ಟಿಲ್ಟ್ ಟೇಬಲ್‌ಗೆ ಕಟ್ಟಿ ನಿಧಾನಕ್ಕೆ ನಿಲ್ಲಿಸಬೇಕು. ಎಷ್ಟೋ ತಿಂಗಳ ಮೇಲೆ ಮೊದಲ ಸಲ ನೆಟ್ಟಗೆ ನಿಂತಾಗ ಕೆಲವರಿಗೆ ತಲೆ ತಿರುಗುತ್ತದೆ, ಕೆಲವರು ಅಳುತ್ತಾರೆ. 1999ರಲ್ಲಿ ಕಾರ್ಗಿಲ್ ಕಡೆಯಿಂದ ಬಂದವರಲ್ಲಿ ಕಾಲು ಹೋದವರೂ ಇದ್ದರು. ಉಳಿದ ಮೊಂಡು ಭಾಗಕ್ಕೆ ಎಂಟರ ಆಕಾರದಲ್ಲಿ ಬ್ಯಾಂಡೇಜ್ ಸುತ್ತುವುದು ನನ್ನ ಕೆಲಸ. ಸರಿಯಾಗಿ ಸುತ್ತದಿದ್ದರೆ ಮುಂದೆ ಕೃತಕ ಕಾಲು ಕೂರುವುದಿಲ್ಲ. ಈಗಲೂ ಕಣ್ಣು ಮುಚ್ಚಿ ಸುತ್ತುತ್ತೇನೆ.

ಇದನ್ನೆಲ್ಲ ಬಡಾಯಿಗೆ ಬರೆಯುತ್ತಿಲ್ಲ. 2006ರಲ್ಲಿ ನಿವೃತ್ತನಾಗಿ ಬಂದು ಉಡುಪಿಯ ಒಂದು ಆಸ್ಪತ್ರೆಯಲ್ಲಿ ಕೆಲಸ ಕೇಳಿದೆ. ಕಚೇರಿಯಲ್ಲಿದ್ದವರು ನನ್ನ ಡಿಸ್ಚಾರ್ಜ್ ಪುಸ್ತಕ ಮಗುಚಿ ನೋಡಿ, "ಇದರಲ್ಲಿ ಡಿಗ್ರಿ ಎಲ್ಲಿ ಉಂಟು?" ಎಂದರು. ಡಿಗ್ರಿ ಇಲ್ಲ, ಕೆಲಸ ಬರುತ್ತದೆ ಎಂದೆ. "ಸೆಕ್ಯುರಿಟಿಗೆ ಜನ ಬೇಕು, ಆಗಬಹುದಾ?" ಎಂದು ಕೇಳಿದರು. ಮಾಜಿ ಸೈನಿಕ ಎಂದರೆ ಗೇಟ್ ಹತ್ತಿರ ನಿಲ್ಲಿಸುವುದು ಎಂದು ನಮ್ಮ ಜನರ ತಲೆಯಲ್ಲಿ ಕೂತುಬಿಟ್ಟಿದೆ. ಕೊನೆಗೆ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಸೇರಿದೆ. ಹಾಜರಿ ಪುಸ್ತಕದಲ್ಲಿ ಹೆಲ್ಪರ್. ರೋಗಿಗಳ ಬಾಯಲ್ಲಿ 'ಮಿಲಿಟ್ರಿ ಅಣ್ಣ'.

ಆ ಕ್ಲಿನಿಕ್‌ಗೆ ಬರುತ್ತಿದ್ದವರು ಯಾರು ಗೊತ್ತಾ? ಮಲ್ಪೆಯಲ್ಲಿ ಬಲೆ ಎಳೆದು ಭುಜ ಹಿಡಿದವರು. ದಿನವಿಡೀ ಬೀಡಿ ಕಟ್ಟಿ ಕುತ್ತಿಗೆ ತಿರುಗಿಸಲಾಗದ ಹೆಂಗಸರು. ರಾತ್ರಿಯಿಡೀ ಗಿರಕಿ ಹೊಡೆದು ಮಂಡಿ ಸವೆಸಿಕೊಂಡ ಯಕ್ಷಗಾನದ ವೇಷಧಾರಿಗಳು. ಅವರಿಗೆ ಕುಣಿಯಬೇಡಿ ಎಂದರೆ ಕೇಳುವುದಿಲ್ಲ, ಮೇ ತಿಂಗಳು ಮುಗಿಯಲಿ ಎನ್ನುತ್ತಾರೆ. ಮತ್ತೆ ಅಡಿಕೆ ಮರದಿಂದ, ತೆಂಗಿನ ಮರದಿಂದ ಬಿದ್ದವರು. ಖಡ್ಕಿಯಲ್ಲಿ ನೋಡಿದ್ದೇ ಇಲ್ಲೂ. ಅಲ್ಲಿ ಯುದ್ಧ, ಇಲ್ಲಿ ಮರ. ಅಲ್ಲಿ ವಾರ್ಡ್ ಇತ್ತು, ಪೆನ್ಷನ್ ಇತ್ತು, ಜೊತೆಗೆ ಹತ್ತು ಜನ ಇದ್ದರು. ಇಲ್ಲಿ ಮನೆಯ ಚಾವಡಿಯಲ್ಲಿ ಒಂದು ಮಂಚ, ಪಕ್ಕದಲ್ಲಿ ಹೆಂಡತಿ, ಅಷ್ಟೆ.

ಹಾಗಾದರೆ ಲೈಸೆನ್ಸು, ನೋಂದಣಿ ಎಲ್ಲ ಸುಮ್ನೆ, ಕೈ ಗುಣ ಇದ್ದರೆ ಸಾಕು ಅಂತ ನಾನು ಹೇಳುತ್ತಿದ್ದೇನೆ ಎಂದುಕೊಳ್ಳಬೇಡಿ. ಅದನ್ನು ಹೇಳುವವರು ಬೇರೆ ಇದ್ದಾರೆ. ಒಂದು ಎಣ್ಣೆ ಬಾಟಲಿ, ಒಂದು ಮಸಾಜ್ ಮೆಷಿನ್ ಇಟ್ಟುಕೊಂಡು ಫಿಸಿಯೋ ಸೆಂಟರ್ ಎಂದು ಬೋರ್ಡು ಹಾಕಿದವರನ್ನು ನಾನೇ ಕಂಡಿದ್ದೇನೆ.

ಒಂದು ಘಟನೆ ಹೇಳುತ್ತೇನೆ. ಬ್ರಹ್ಮಾವರ ಕಡೆಯ ಒಬ್ಬರು ಸೊಂಟನೋವಿಗೆ ಮೂರು ದಿನದಿಂದ ಟ್ರಾಕ್ಷನ್‌ಗೆ, ಅಂದರೆ ಬೆಲ್ಟ್ ಕಟ್ಟಿ ಸೊಂಟ ಎಳೆಯುವ ಚಿಕಿತ್ಸೆಗೆ ಬರುತ್ತಿದ್ದರು. ನಾಲ್ಕನೇ ದಿನ ಬೆಲ್ಟ್ ಕಟ್ಟುವಾಗ ಮೆಲ್ಲಗೆ ನನ್ನ ಹತ್ತಿರ, "ನಿನ್ನೆಯಿಂದ ಮೂತ್ರ ಬಂದದ್ದೇ ಗೊತ್ತಾಗುವುದಿಲ್ಲ ಮಾರಾಯ್ರೆ, ಕೂತಲ್ಲಿ ಜೋಮು" ಎಂದರು. ಕ್ಲಿನಿಕ್‌ನ ಫಿಸಿಯೋಥೆರಪಿಸ್ಟ್ ಮೇಡಂ ಎದುರು ಹೇಳಲು ನಾಚಿಕೆ ಅವರಿಗೆ. ಇದು ಸರಿ ಇಲ್ಲ ಎಂದು ಖಡ್ಕಿಯ ಅನುಭವ ನನಗೆ ಹೇಳಿತು. ಆದರೆ ಅದು ಏನು, ಯಾಕೆ, ಎಷ್ಟು ಅರ್ಜೆಂಟ್ ಎಂದು ನನಗೆ ಗೊತ್ತಿರಲಿಲ್ಲ. ಬೆಲ್ಟ್ ಬಿಚ್ಚಿ ಮೇಡಂನ್ನು ಕರೆದೆ. ನನ್ನ ಮಗಳ ಪ್ರಾಯದವರು. ಎರಡು ನಿಮಿಷ ಪರೀಕ್ಷೆ ಮಾಡಿ, ಬೆನ್ನಿನ ಕೆಳಭಾಗದ ನರಗಳ ಗುಚ್ಛ ಒತ್ತಿದೆ, ಇವತ್ತೇ ಸರ್ಜನ್ ನೋಡಬೇಕು ಎಂದು ಆಟೋ ತರಿಸಿ ಕಳಿಸಿದರು. ಅದೇ ರಾತ್ರಿ ಮಂಗಳೂರಿನಲ್ಲಿ ಆಪರೇಷನ್ ಆಯಿತು. ಅವರು ಈಗಲೂ ಸ್ಕೂಟರ್ ಓಡಿಸುತ್ತಾರೆ. ನಾಲ್ಕೂವರೆ ವರ್ಷ ಓದಿದವರಿಗೂ ನನಗೂ ಇರುವ ವ್ಯತ್ಯಾಸ ಆ ಎರಡು ನಿಮಿಷ. ಅದನ್ನು ಒಪ್ಪಿಕೊಳ್ಳಲು ನನಗೆ ನಾಚಿಕೆ ಇಲ್ಲ. ಆದರೆ ಬೆಲ್ಟ್ ಬಿಚ್ಚಬೇಕು ಎಂದು ಗೊತ್ತಿದ್ದವನಿಗೂ 'ಅನುಭವ ಬೇಡ' ಎಂಬ ಹುಡುಗನಿಗೂ ವ್ಯತ್ಯಾಸ ಇಲ್ವಾ? ಇದ್ದರೆ ಅದನ್ನು ಯಾವ ಕಾಗದದಲ್ಲಿ ಬರೆಯುವುದು?

ಈ ಪ್ರಶ್ನೆ ನನ್ನೊಬ್ಬನದ್ದಾಗಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ನನ್ನ ಮಗಳೂ ಇದೇ ಗೋಡೆಗೆ ಇನ್ನೊಂದು ಕಡೆಯಿಂದ ಬಡಿದುಕೊಂಡಳು.

ಅವಳು ಮಂಗಳೂರಿನಲ್ಲಿ ಬಿ.ಪಿ.ಟಿ., ಅಂದರೆ ಫಿಸಿಯೋಥೆರಪಿ ಡಿಗ್ರಿ ಮಾಡಿದವಳು. ನನ್ನನ್ನು ನೋಡಿಯೇ ಈ ಲೈನ್ ಹಿಡಿದದ್ದು. ಎರಡು ವರ್ಷ ಆಸ್ಪತ್ರೆಯಲ್ಲಿ ಕೆಲಸ ಮಾಡಿದಳು. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಹೋದಳು. ಅಲ್ಲಿ ಹೋದ ಮೇಲೆ ತಿಳಿಯಿತು, ಅಮೆರಿಕದಲ್ಲಿ ಒಂದೇ ಲೈಸೆನ್ಸು ಎಂಬುದಿಲ್ಲ, ಒಂದೊಂದು ರಾಜ್ಯಕ್ಕೆ ಒಂದೊಂದು ಬೋರ್ಡು. ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ, ಎನ್.ಪಿ.ಟಿ.ಇ. ಅಂತ. 200ರಿಂದ 800ರ ಅಳತೆಯಲ್ಲಿ 600 ಬಂದರೆ ಪಾಸ್. ವರ್ಷದಲ್ಲಿ ಮೂರು ಸಲ, ಜೀವಮಾನದಲ್ಲಿ ಆರು ಸಲ ಮಾತ್ರ ಬರೆಯಬಹುದು. ಆದರೆ ಪರೀಕ್ಷೆಯ ಬಾಗಿಲಿಗೆ ಹೋಗುವ ಮೊದಲೇ ಒಂದು ದೊಡ್ಡ ಅಂಗಳ ದಾಟಬೇಕು. ಅಲ್ಲಿ ಈ ಕೆಲಸಕ್ಕೆ ಈಗ ಓದುವುದು ಡಾಕ್ಟರೇಟ್ ಮಟ್ಟದಲ್ಲಿ, ಡಿ.ಪಿ.ಟಿ. ನಮ್ಮ ಬಿ.ಪಿ.ಟಿ. ಅದಕ್ಕೆ ಸಮವೋ ಅಲ್ಲವೋ ಎಂದು ವಿಷಯ ವಿಷಯ, ಗಂಟೆ ಗಂಟೆ ಲೆಕ್ಕ ಹಾಕುತ್ತಾರೆ.

ಈ ಲೆಕ್ಕಕ್ಕೆ ಬೇಕಾದ ಕಾಗದ ತರಿಸುವ ಕೆಲಸ ನನ್ನ ಪಾಲಿಗೆ ಬಂತು. ಪಾಠಪಟ್ಟಿ ಪೂರ್ತಿ ಬೇಕು, ಕಾಲೇಜಿನಿಂದಲೇ ನೇರ ಹೋಗಬೇಕು, ಲಕೋಟೆ ಸೀಲ್ ಆಗಿರಬೇಕು. ಹಿರಿಯಡ್ಕದಿಂದ ಉಡುಪಿ, ಉಡುಪಿಯಿಂದ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮಂಗಳೂರು. ಮೊದಲ ದಿನ ಗುಮಾಸ್ತರು ರಜೆ. ಎರಡನೇ ಸಲ ಹೋದಾಗ, ಹಳೆಯ ಬ್ಯಾಚಿನ ಸಿಲೆಬಸ್ ಪುಸ್ತಕ ಇಲ್ಲ ಎಂದರು. ಮಗಳ ಕ್ಲಾಸ್‌ಮೇಟ್ ಒಬ್ಬಳ ಮನೆಯಲ್ಲಿ ಒಂದು ಪ್ರತಿ ಇತ್ತು, ಬಂಟ್ವಾಳದಲ್ಲಿ. ಅದನ್ನು ತಂದು ಜೆರಾಕ್ಸ್ ಮಾಡಿಸಿದೆ. ಪ್ರತಿ ಪುಟಕ್ಕೂ ಕಾಲೇಜಿನ ದುಂಡು ಮೊಹರು ಬೀಳಬೇಕು. ಗುಮಾಸ್ತರಿಗೆ ಬೇರೆ ಕೆಲಸ. ನಾನೇ ಅವರ ಪಕ್ಕ ಸ್ಟೂಲ್ ಹಾಕಿ ಕೂತು, ಮಧ್ಯಾಹ್ನದವರೆಗೆ ಮೊಹರು ಒತ್ತಿದೆ. ಇಂಕ್ ಪ್ಯಾಡ್ ಒಣಗಿತು, ಹಂಪನಕಟ್ಟೆಗೆ ಹೋಗಿ ಹೊಸತು ತಂದೆ. ಸೇನೆಯಲ್ಲಿ ಫೆಟೀಗ್ ಡ್ಯೂಟಿ ಅಂತ ಮೈಮುರಿಯುವ ಚಾಕರಿ ಇರುತ್ತದೆ, ಅದರ ನೆನಪಾಯಿತು.

ಮೂರು ತಿಂಗಳ ಮೇಲೆ ಅಲ್ಲಿಂದ ಉತ್ತರ ಬಂತು. ಇಂಟರ್ನ್‌ಶಿಪ್ ಪತ್ರದಲ್ಲಿ 'ಆರು ತಿಂಗಳು' ಎಂದು ಬರೆದಿದೆ, ಎಷ್ಟು ಗಂಟೆ ಎಂದು ಬರೆದಿಲ್ಲ, ಯಾವ ವಿಭಾಗದಲ್ಲಿ ಎಷ್ಟು ಎಂದೂ ಇಲ್ಲ. ಇನ್ನೊಮ್ಮೆ ಕಳಿಸಿ. ಅಷ್ಟರಲ್ಲಿ ಕಾಲೇಜಿನಲ್ಲಿ ಪ್ರಿನ್ಸಿಪಾಲರು ಬದಲಾಗಿದ್ದರು. ಹೊಸಬರು, "ನಾನು ಇಲ್ಲದ ಕಾಲದ ಗಂಟೆಗೆ ನಾನು ಹೇಗೆ ಸಹಿ ಹಾಕುವುದು?" ಎಂದರು. ಅವರು ಹೇಳಿದ್ದರಲ್ಲೂ ತಪ್ಪಿಲ್ಲ. ಆದರೆ ಮಗಳು ಆ ಆರು ತಿಂಗಳು ಬೆಳಗ್ಗೆ ಎಂಟರಿಂದ ವಾರ್ಡಿನಲ್ಲಿ ಇದ್ದದ್ದೂ ಸುಳ್ಳಲ್ಲ ಅಲ್ವಾ? ಹಳೆಯ ಹಾಜರಿ ಪುಸ್ತಕ ಗೋದಾಮಿನಲ್ಲಿ ಹುಡುಕಿ, ಗೆದ್ದಲು ತಿಂದ ಮೂಲೆ ಬಿಟ್ಟು ಉಳಿದದ್ದನ್ನು ಕೂಡಿಸಿ, ಗಂಟೆ ಲೆಕ್ಕ ಮಾಡಿದೆವು.

ಆಮೇಲೂ ಕೆಲವು ವಿಷಯ ಕಮ್ಮಿ ಬಿತ್ತು. ಅದನ್ನು ಆನ್‌ಲೈನ್‌ನಲ್ಲಿ ದುಡ್ಡು ಕೊಟ್ಟು ಓದಿದಳು. ಇಂಗ್ಲಿಷ್ ಪರೀಕ್ಷೆ ಬೇರೆ. ಎನ್.ಪಿ.ಟಿ.ಇ. ಮೊದಲ ಸಲ ಸ್ವಲ್ಪದರಲ್ಲಿ ತಪ್ಪಿತು, ಎರಡನೇ ಸಲ ಆಯಿತು. ಅಷ್ಟಾದ ಮೇಲೂ ಕ್ಯಾಲಿಫೋರ್ನಿಯಾದಲ್ಲಿ ಹೊರದೇಶದಲ್ಲಿ ಕಲಿತವರು ಒಂಬತ್ತು ತಿಂಗಳವರೆಗೆ ಇನ್ನೊಬ್ಬ ಲೈಸೆನ್ಸ್ ಇರುವವರ ಕಣ್ಣೆದುರು ಕೆಲಸ ಮಾಡಿ ತೋರಿಸಬೇಕು. ಇದನ್ನು ಕೇಳಿದಾಗ ನನ್ನವಳಿಗೆ ಸಿಟ್ಟು ಬಂತು. ನನಗೆ ಬರಲಿಲ್ಲ. ಕೈ ನೋಡಿ ತೀರ್ಮಾನ ಮಾಡುವುದು ನ್ಯಾಯ. ನನಗೆ ಸಿಟ್ಟು ಇರುವುದು ಇಂಕ್ ಪ್ಯಾಡ್ ಮೇಲೆ. ಮಗಳ ಮೂರು ವರ್ಷದಲ್ಲಿ ಪರೀಕ್ಷೆ ತಿಂದದ್ದು ಕಮ್ಮಿ, ಲಕೋಟೆ ತಿಂದದ್ದು ಜಾಸ್ತಿ.

ಅಲ್ಲಿಯವರು ಸಂಶಯಪಡುವುದಕ್ಕೆ ಕಾರಣ ಇಲ್ಲ ಎಂದೂ ಹೇಳಲಾರೆ. 2010ರಲ್ಲಿ ಪರೀಕ್ಷೆಯ ಪ್ರಶ್ನೆಗಳನ್ನು ನೆನಪಿಟ್ಟುಕೊಂಡು ಬಂದು ಹಂಚಿಕೊಳ್ಳುವ ದಂಧೆ ಬಯಲಾಗಿ ಭಾರತ, ಪಾಕಿಸ್ತಾನ, ಈಜಿಪ್ಟ್, ಫಿಲಿಪ್ಪೀನ್ಸ್, ಈ ನಾಲ್ಕು ದೇಶಗಳಲ್ಲಿ ಕಲಿತವರಿಗೆ ಪರೀಕ್ಷೆಯನ್ನೇ ನಿಲ್ಲಿಸಿದ್ದರು. ಮುಂದೆ ಕೆಲವು ಕಾಲ ಅವರಿಗೆ ಬೇರೆಯೇ ಪ್ರಶ್ನೆಪತ್ರಿಕೆ ಇತ್ತು, ವರ್ಷಕ್ಕೊಮ್ಮೆ. ನಮ್ಮ ನೆರೆಮನೆಯ ಹುಡುಗ ಆಗ ಫೀಸು ಕಟ್ಟಿ ಕೂತಿದ್ದವನು, ಬೇಸತ್ತು ದುಬೈಗೆ ಹೋದ. ಯಾರೋ ಮಾಡಿದ್ದಕ್ಕೆ ಇವನಿಗೆ ಶಿಕ್ಷೆ. ಆದರೆ 'ಹಿಂದಿನ ಸಲ ಬಂದ ಪ್ರಶ್ನೆ' ಮಾರುವ ಅಂಗಡಿ ನಮ್ಮ ಊರಿನ ಟ್ಯೂಷನ್‌ಗಳಲ್ಲೂ ಇಲ್ವಾ? ನಾವು ಅದನ್ನು ಜಾಣತನ ಎನ್ನುತ್ತೇವೆ, ಅವರು ಕಳ್ಳತನ ಎಂದರು.

ಮಗಳು ಅಲ್ಲಿ ಓದುವಾಗ ನನಗೆ ಫೋನಿನಲ್ಲಿ ಒಂದು ಕಥೆ ಹೇಳಿದಳು. "ಅಪ್ಪ, ನಿಮ್ಮಂಥವರಿಂದಲೇ ಇದು ಶುರುವಾದದ್ದು" ಎಂದಳು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡು ಬಂದ ಸೈನಿಕರನ್ನು ಎಬ್ಬಿಸಿ ನಡೆಸಲು ಅಮೆರಿಕದ ಸೇನೆ ಹೆಂಗಸರನ್ನು ಸೇರಿಸಿಕೊಂಡಿತಂತೆ. ಅವರಲ್ಲಿ ಮೊದಲನೆಯವಳು ಮೇರಿ ಮೆಕ್‌ಮಿಲನ್. ಹುಟ್ಟಿದ್ದು ಅಮೆರಿಕದಲ್ಲಿ, ಚಿಕ್ಕಂದಿನಲ್ಲೇ ಹೋಗಿ ಬೆಳೆದದ್ದು, ಈ ಕೆಲಸ ಕಲಿತದ್ದು ಎಲ್ಲ ಇಂಗ್ಲೆಂಡಿನಲ್ಲಿ. 1918ರಲ್ಲಿ ವಾಲ್ಟರ್ ರೀಡ್ ಸೇನಾ ಆಸ್ಪತ್ರೆ ಸೇರಿದಳು. 1921ರಲ್ಲಿ ಅಲ್ಲಿನ ಫಿಸಿಯೋಥೆರಪಿಯವರ ಸಂಘ ಹುಟ್ಟಿದಾಗ ಅದರ ಮೊದಲ ಅಧ್ಯಕ್ಷೆಯೂ ಅವಳೇ. ಅಂದರೆ ಆ ದೇಶದಲ್ಲಿ ಈ ವೃತ್ತಿಗೆ ತಾಯಿ ಎನ್ನಿಸಿಕೊಂಡವಳು ಹೊರದೇಶದಲ್ಲಿ ಕಲಿತವಳು, ಕೆಲಸ ಮಾಡಿದ್ದು ಸೇನೆಯಲ್ಲಿ. ನನ್ನ ಮಗಳು ಮತ್ತು ನಾನು ಒಂದೇ ಮೈಯಲ್ಲಿ! ಆಗ ಸೇನೆ ಅವರಿಗೆ ಕೊಟ್ಟ ಹೆಸರು 'ರಿಕನ್‌ಸ್ಟ್ರಕ್ಷನ್ ಏಡ್'. ಏಡ್ ಎಂದರೆ ಏನು? ಹೆಲ್ಪರ್.

ಆ ದೇಶ ಈಗಲೂ ಸೇನೆಯಲ್ಲಿ ಕಲಿತವರನ್ನು ಪೂರ್ತಿ ಮರೆತಿಲ್ಲ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಅವರ ಸೇನೆ ಮತ್ತು ಬೇಲರ್ ವಿಶ್ವವಿದ್ಯಾಲಯ ಸೇರಿ ಡಿ.ಪಿ.ಟಿ. ಓದಿಸುತ್ತಾರೆ. ಅಲ್ಲಿ ಕಲಿತವರು ಹೊರಗಿನ ಕಾಲೇಜಿನವರ ಹಾಗೆಯೇ ಎನ್.ಪಿ.ಟಿ.ಇ. ಬರೆಯುತ್ತಾರೆ. ಅವರ ಕೆಳಗೆ ನನ್ನಂತೆ ಕೆಲಸ ಮಾಡುವ ಸಿಪಾಯಿಗಳೂ ಇದ್ದಾರೆ. ಅವರಿಗೆ ಎಲ್ಲ ರಾಜ್ಯದಲ್ಲೂ ಸುಲಭ ಇಲ್ಲ. ಆದರೆ ಕ್ಯಾಲಿಫೋರ್ನಿಯಾದಂಥ ಕಡೆ ಸೇನೆಯ ತರಬೇತಿಯನ್ನು ತೂಗಿ ನೋಡಿ, ಅಸಿಸ್ಟೆಂಟ್ ಪರೀಕ್ಷೆಗೆ ಕೂರಿಸುವ ದಾರಿ ಇದೆ. ಥೆರಪಿಸ್ಟ್ ಅಲ್ಲ, ಅಸಿಸ್ಟೆಂಟ್. ಅದಕ್ಕೇ ಬೇರೆ ಪರೀಕ್ಷೆ, ಬೇರೆ ಲೈಸೆನ್ಸು. ಪಾಸಾದರೆ ಲೈಸೆನ್ಸು ಕೈಗೆ, ಇಲ್ಲದಿದ್ದರೆ ಇಲ್ಲ. ನನಗೆ ಇಷ್ಟೇ ಸಾಕಿತ್ತು.

ನಮ್ಮಲ್ಲಿ 2021ರಲ್ಲಿ ಕೇಂದ್ರ ಸರಕಾರ ಒಂದು ಕಾಯ್ದೆ ಮಾಡಿತು. ಡಾಕ್ಟರ್, ನರ್ಸ್ ಬಿಟ್ಟು ಆಸ್ಪತ್ರೆಯಲ್ಲಿ ದುಡಿಯುವ ಉಳಿದ ಆರೋಗ್ಯ ವೃತ್ತಿಯವರಿಗೆ ಒಂದು ರಾಷ್ಟ್ರೀಯ ಆಯೋಗ, ರಾಜ್ಯಕ್ಕೊಂದು ಪರಿಷತ್ತು, ಎಲ್ಲರ ಹೆಸರಿನ ರಿಜಿಸ್ಟರು. ಫಿಸಿಯೋಥೆರಪಿಯೂ ಅದರಲ್ಲಿ ಸೇರಿದೆ. ಬಹಳ ಒಳ್ಳೆಯದಾಯಿತು. ಎಣ್ಣೆ ಬಾಟಲಿಯವರ ಬೋರ್ಡು ಇನ್ನಾದರೂ ಇಳಿಯಲಿ. ಅದರಲ್ಲೂ ಗಂಟೆ ಲೆಕ್ಕ ಇದೆ. ಪೂರ್ತಿ ಡಿಗ್ರಿಯವರಿಗೆ ಕನಿಷ್ಠ 3,600 ಗಂಟೆ, ಅದಕ್ಕಿಂತ ಕೆಳಗಿನ ಹಂತದವರಿಗೆ 2,000 ಗಂಟೆ. ಓದಿದಾಗ ನಾನು ಖಡ್ಕಿಯ ರಾತ್ರಿ ಪಾಳಿಗಳನ್ನು ಲೆಕ್ಕ ಹಾಕಿದೆ. ಮೊದಲ ವರ್ಷದಲ್ಲೇ 2,000 ದಾಟುತ್ತದೆ! ತಮಾಷೆಗೆ ಹೇಳಿದೆ. ಕೆಲಸದ ಗಂಟೆ ಬೇರೆ, ಪಾಠದ ಗಂಟೆ ಬೇರೆ ಎಂದು ನನಗೂ ಗೊತ್ತು. ಆದರೆ ಆ ಕಾಯ್ದೆಯ ಪಟ್ಟಿಯಲ್ಲಿ ಫಿಸಿಯೋಥೆರಪಿಯ ಕೆಳಗೆ ಅಸಿಸ್ಟೆಂಟ್ ಎಂಬ ಸಾಲು ನನ್ನ ಕನ್ನಡಕಕ್ಕೆ ಕಾಣಲಿಲ್ಲ. ಹಾಗಾದರೆ ಮಂಚದ ಪಕ್ಕ ನಿಂತು ಮಗ್ಗುಲು ಬದಲಿಸುವವನು ಯಾರು? ಅವನು ರಿಜಿಸ್ಟರಿನ ಹೊರಗೆ. ಹೊರಗೆ ಇದ್ದವನಿಗೆ ಅನುಭವ ಬೇಡ.

ಈ ಕಾಯ್ದೆಯಲ್ಲೇ ಲೈಸೆನ್ಸಿಂಗ್ ಪರೀಕ್ಷೆಯ ಮಾತೂ ಇದೆ. ನನ್ನ ಕೇಳಿಕೆ ಅಲ್ಲಿಗೇ. ಪರೀಕ್ಷೆ ಹೇಗೂ ಮಾಡುತ್ತೀರಿ. ಅದರ ಪಕ್ಕದಲ್ಲಿ ಅಸಿಸ್ಟೆಂಟರಿಗೆ ಒಂದು ಸಣ್ಣದು ಇಡಿ. ಅರ್ಧ ಬರಹ, ಅರ್ಧ ಕೈಯಲ್ಲಿ ಮಾಡಿ ತೋರಿಸುವುದು. ಸೇನೆಯಿಂದ ಬಂದವರ ಸರ್ವಿಸ್ ದಾಖಲೆ ನೋಡಿ ಅದಕ್ಕೆ ಕೂರಲು ಬಿಡಿ. ನಮಗೆ ರಿಯಾಯಿತಿ ಬೇಡ, ಫೇಲಾದರೆ ಫೇಲ್. ನಾನಂತೂ 62ರಲ್ಲಿ ಬರೆಯುವವನಲ್ಲ, ಅದು ಬೇರೆ ಮಾತು. ಆದರೆ ಈ ಜಿಲ್ಲೆಗಳಿಂದ ಸೇನೆಗೆ ಹೋದ ಹುಡುಗರು ಮೂವತ್ತೆಂಟು, ನಲವತ್ತಕ್ಕೆಲ್ಲ ವಾಪಸು ಬರುತ್ತಾರೆ. ಅವರನ್ನು ಗೇಟಿನಲ್ಲಿ ನಿಲ್ಲಿಸಬೇಡಿ.

ಕಾಲೇಜುಗಳಿಗೆ ನನ್ನ ಮಾತು ಇನ್ನೂ ಸುಲಭದ್ದು. ಮಂಗಳೂರು, ದೇರಳಕಟ್ಟೆ, ಮಣಿಪಾಲಕ್ಕೆ ಎಲ್ಲೆಲ್ಲಿಂದಲೋ ಮಕ್ಕಳು ಬಂದು ಈ ಕೋರ್ಸ್ ಓದುತ್ತಾರೆ. ಓದಿದವರು ಹೊರದೇಶಕ್ಕೆ ಹೋಗುತ್ತಾರೆ ಎಂದು ಅಡ್ಮಿಷನ್ ದಿನವೇ ಎಲ್ಲರಿಗೂ ಗೊತ್ತು. ಬ್ರೋಷರಿನಲ್ಲಿ ವಿಮಾನದ ಚಿತ್ರ ಹಾಕುವ ಕಾಲೇಜುಗಳೇ ಇವೆ. ಹಾಗಿರುವಾಗ ಡಿಗ್ರಿ ಕೊಡುವ ದಿನವೇ ಗಂಟೆ ಸಮೇತದ ಪಾಠಪಟ್ಟಿ, ವಿಭಾಗವಾರು ಇಂಟರ್ನ್‌ಶಿಪ್ ಗಂಟೆ, ಎರಡು ಸೀಲ್ ಮಾಡಿದ ಲಕೋಟೆ ಕೈಗೆ ಕೊಡಲು ಎಂತ ಕಷ್ಟ? ಇನ್ನೊಂದು ಪ್ರತಿ ಕಂಪ್ಯೂಟರಿನಲ್ಲಿ ಇಡಿ. ಗೆದ್ದಲು ಕಂಪ್ಯೂಟರ್ ತಿನ್ನುವುದಿಲ್ಲ.

ಕೊನೆಗೆ ಒಂದು ಸ್ವಂತ ಪ್ರಶ್ನೆ. ಮಗಳು ಎರಡು ವರ್ಷದಲ್ಲಿ ವಾಪಸು ಬರುವ ಮಾತಾಡುತ್ತಿದ್ದಾಳೆ. ನಮಗೆ ವಯಸ್ಸಾಯಿತು, ಅವಳಿಗೂ ಹಿರಿಯಡ್ಕದಲ್ಲಿ ಒಂದು ಕೋಣೆ ಹಾಕಿ, ಮರದಿಂದ ಬಿದ್ದವರ ಮನೆಗೆ ಹೋಗಿ ನೋಡುವ ಆಸೆ. ಡಿಗ್ರಿ ಇಲ್ಲಿಯದು, ಲೈಸೆನ್ಸು ಅಲ್ಲಿಯದು, ಈ ಐದಾರು ವರ್ಷದ ಅನುಭವ ಅಲ್ಲಿಯದು. ಇಲ್ಲಿನ ರಿಜಿಸ್ಟರಿನಲ್ಲಿ ಆ ಅನುಭವವನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೆ? ಅಲ್ಲಿಂದ ಯಾವ ಯಾವ ಕಾಗದಕ್ಕೆ ಈಗಲೇ ಸೀಲ್ ಹಾಕಿಸಿ ತರಬೇಕು? ಪರಿಷತ್ತಿನವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ನಿಮ್ಮ ಪತ್ರಿಕೆಯಲ್ಲೇ ಉತ್ತರ ಕೊಡಲಿ. ಫೋಟೋ ತೆಗೆದು ಅವಳಿಗೆ ವಾಟ್ಸಾಪ್ ಮಾಡುತ್ತೇನೆ.

ಇತಿ,
ಒಬ್ಬ ಮಾಜಿ ಹವಾಲ್ದಾರ್
ಹಿರಿಯಡ್ಕ, ಉಡುಪಿ ಜಿಲ್ಲೆ